ತೂಕ ಕೂಗಿ ಹೇಳುವ ಶಾಲೆ

ಶಾಲೆಯಲ್ಲಿ ಎತ್ತರ-ತೂಕ ನೋಡುವ ದಿನ ಹೇಗಿರುತ್ತದೆಂದು ನಮ್ಮಲ್ಲಿ ಓದಿದವರಿಗೆಲ್ಲ ಗೊತ್ತು. ಗೋಡೆಗೆ ಅಂಟಿಸಿದ ಟೇಪು, ಅದರ ಪಕ್ಕ ತೂಕದ ಯಂತ್ರ, ಹಾಜರಿ ನಂಬರಿನಂತೆ ನಿಂತ ಸಾಲು. ಒಬ್ಬ ಮೇಷ್ಟ್ರು ಮುಳ್ಳು ನೋಡಿ ಹೇಳುತ್ತಾರೆ, ಇನ್ನೊಬ್ಬರು ಆ ಕಡೆಯ ಮೇಜಿನಲ್ಲಿ ಕೂತು ಬರೆದುಕೊಳ್ಳುತ್ತಾರೆ. ನಡುವೆ ಮಕ್ಕಳ ಗದ್ದಲ. ಹಾಗಾಗಿ ಅಂಕಿಯನ್ನು ಕೂಗಿಯೇ ಹೇಳಬೇಕು. ‘ಐವತ್ತೆಂಟು!’ ಹಿಂದೆ ನಿಂತವರಿಗೆಲ್ಲ ಕೇಳಿಸುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಅದೇ ಅಡ್ಡಹೆಸರು.

ಇಲ್ಲಿ ಯಾರೂ ಕೆಟ್ಟವರಲ್ಲ. ಮೇಷ್ಟ್ರಿಗೆ ಸಂಜೆಯೊಳಗೆ ಎಲ್ಲ ತರಗತಿಗಳ ಲೆಕ್ಕ ಮುಗಿಯಬೇಕು. ಮಕ್ಕಳು ಮಕ್ಕಳ ಹಾಗೇ ಇದ್ದಾರೆ. ಆದರೂ ಆ ಹುಡುಗಿ ಮರುದಿನದಿಂದ ಪುಸ್ತಕವನ್ನು ಎದೆಗವಚಿಕೊಂಡು, ಬೆನ್ನು ಬಗ್ಗಿಸಿ ನಡೆಯಲು ಶುರು ಮಾಡುತ್ತಾಳೆ.

ಹೆಣ್ಣುಮಕ್ಕಳು ತಮ್ಮ ಮೈಯ ಬಗ್ಗೆ ಕೀಳರಿಮೆ ಬೆಳೆಸಿಕೊಳ್ಳುತ್ತಿದ್ದಾರೆ ಎಂಬ ಮಾತು ಬಂದಾಗಲೆಲ್ಲ ನಾವು ಮೊದಲು ಬೈಯುವುದು ಮೊಬೈಲನ್ನು. ತಪ್ಪೇನಿಲ್ಲ. 2021ರಲ್ಲಿ ಹೊರಬಿದ್ದ ಫೇಸ್‌ಬುಕ್‌ನ ಒಳಕಡತಗಳಲ್ಲಿ ಆ ಕಂಪನಿಯ ಸಂಶೋಧಕರೇ ಬರೆದಿದ್ದ ಮಾತಿದೆ: ಮೈಯ ಬಗ್ಗೆ ಮೊದಲೇ ಬೇಸರದಲ್ಲಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ, ಇನ್‌ಸ್ಟಾಗ್ರಾಂ ಆ ಬೇಸರವನ್ನು ಇನ್ನೂ ಹೆಚ್ಚಿಸಿತು ಎಂದಿದ್ದರು. ಇನ್‌ಸ್ಟಾಗ್ರಾಂ ಹುಟ್ಟುವ ಎಷ್ಟೋ ಮೊದಲು, 1995ರಲ್ಲಿ, ಫಿಜಿ ದೇಶದ ನಡ್ರೋಗಾ ಪ್ರಾಂತ್ಯಕ್ಕೆ ಟಿ.ವಿ. ಬಂತು. ಮೈಕೈ ತುಂಬಿಕೊಂಡಿದ್ದರೇ ಚೆಂದ ಎನ್ನುತ್ತಿದ್ದ ಸೀಮೆ ಅದು. ಮೂರು ವರ್ಷದ ನಂತರ ಹಾರ್ವರ್ಡ್‌ನ ಆನ್ ಬೆಕರ್ ಅವರ ತಂಡ ಅಲ್ಲಿನ ಶಾಲಾ ಹುಡುಗಿಯರನ್ನು ಮತ್ತೆ ಮಾತಾಡಿಸಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಂಡಿದ್ದೇವೆ ಎಂದವರು ಶೇ 11.3. ಟಿ.ವಿ. ಬಂದ ಹೊಸತರಲ್ಲಿ ಕೇಳಿದಾಗ ಹಾಗೆಂದವಳು ಒಬ್ಬಳೂ ಇರಲಿಲ್ಲ.

ಪರದೆಯ ಪಾಲನ್ನು ಅಲ್ಲಗಳೆಯುವಂತಿಲ್ಲ, ಸರಿ. ಆದರೆ ಪರದೆ ಟೀಚರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ತೂಕದ ಯಂತ್ರ, ಪ್ರಾರ್ಥನೆಯ ಸಾಲು, ವಾರ್ಷಿಕೋತ್ಸವದ ವೇದಿಕೆ, ಆಟದ ಪೀರಿಯಡ್ಡು, ಬಿಸಿಯೂಟದ ತಟ್ಟೆ, ಜೊತೆಗೆ ತಮ್ಮ ಬಾಯಿ. ಆತ್ಮವಿಶ್ವಾಸದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ಇಡುವುದಕ್ಕಿಂತ ಈ ದಿನನಿತ್ಯದ ಸಂಗತಿಗಳನ್ನು ಸರಿಪಡಿಸಿಕೊಂಡರೆ ಹುಡುಗಿಯರಿಗೆ ಹೆಚ್ಚು ಉಪಕಾರ ಎಂಬುದು ನನ್ನ ವಾದ.

ಈ ಮಾತನ್ನು ಈಗ ಹೇಳಲು ಕಾರಣವಿದೆ. ದೇಶದಲ್ಲಿ ಬೊಜ್ಜಿನ ವಿರುದ್ಧ ಪ್ರಚಾರ ಜೋರಾಗಿದೆ. ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದು ಪ್ರಧಾನಿ 2025ರ ಫೆಬ್ರುವರಿಯಲ್ಲಿ ರೇಡಿಯೊದಲ್ಲಿ ಕರೆಕೊಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ಯಾವ ತಂಪು ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ತೋರಿಸುವ ಫಲಕ ಅದು. ಸೆಪ್ಟೆಂಬರಿನಲ್ಲಿ ಯುನಿಸೆಫ್, ಜಗತ್ತಿನ 5ರಿಂದ 19 ವರ್ಷದವರಲ್ಲಿ ಬೊಜ್ಜಿರುವವರ ಪ್ರಮಾಣ (ಶೇ 9.4) ಮೊದಲ ಬಾರಿಗೆ ಕಡಿಮೆ ತೂಕದವರ ಪ್ರಮಾಣವನ್ನು (ಶೇ 9.2) ದಾಟಿತು ಎಂದು ವರದಿ ಕೊಟ್ಟಿತು. ಕಾಳಜಿ ನಿಜವಾದದ್ದೇ. ಸಕ್ಕರೆಯ ಫಲಕದ ಬಗ್ಗೆಯೂ ನನಗೆ ತಕರಾರಿಲ್ಲ. ಅದು ಬಾಟಲಿಯ ವಿಷಯ ಹೇಳುತ್ತದೆ, ಕುಡಿಯುವವಳ ಸೊಂಟದ ವಿಷಯವನ್ನಲ್ಲ. ತೊಂದರೆ ಇರುವುದು ಫಲಕದ ಮುಂದೆ ನಿಂತ ದೊಡ್ಡವರು, ‘ನೋಡು, ನಿನಗೇ ಬರೆದಿರೋದು ಇದು’ ಎಂದು ಯಾರೋ ಒಬ್ಬಳ ಕಡೆ ನೋಡಿ ನಕ್ಕಾಗ.

ಇನ್ನೊಂದು ಕಡೆ ನೋಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರನ್ನು ಲೆಕ್ಕ ಹಾಕಿದರೆ ಶೇ 47.8. ಅಂದರೆ ಒಂದೇ ಬೆಂಚಿನಲ್ಲಿ ಚಿಪ್ಸ್ ತಿಂದು ತೂಕ ಏರಿದವಳೂ ಇದ್ದಾಳೆ, ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಕೂರುವವಳೂ ಇದ್ದಾಳೆ, ತೂಕವೂ ಹೆಚ್ಚಿ ರಕ್ತವೂ ಕಡಿಮೆ ಇರುವವಳೂ ಇದ್ದಾಳೆ. ‘ಕಡಿಮೆ ತಿನ್ನಿ’ ಎಂಬ ಒಂದೇ ಮಾತನ್ನು ಇಡೀ ಕ್ಲಾಸಿಗೆ ಹೇಳಿದರೆ ಅದನ್ನು ಚಾಚೂ ತಪ್ಪದೆ ಪಾಲಿಸುವವಳು ಸಾಮಾನ್ಯವಾಗಿ ಪಾಲಿಸಬಾರದವಳೇ ಆಗಿರುತ್ತಾಳೆ. ರಾಜ್ಯದ ಶಾಲೆಗಳಲ್ಲಿ ಈಗ ಹತ್ತನೇ ತರಗತಿಯವರೆಗೂ ಮೊಟ್ಟೆ ಕೊಡುತ್ತಾರೆ. ಬೇಡ ಎಂದವರಿಗೆ ಬಾಳೆಹಣ್ಣು. ‘ಬೇಡ ಮಿಸ್, ದಪ್ಪ ಆಗ್ತೀನಿ’ ಎಂದು ಎರಡನ್ನೂ ಬಿಡುವ ಹುಡುಗಿಯ ಬಗ್ಗೆ ಬಡಿಸುವ ಅಡುಗೆಯಮ್ಮನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವರ ಮಾತನ್ನು ಸ್ಟಾಫ್ ರೂಮಿನಲ್ಲಿ ಯಾರು ಕೇಳುತ್ತಾರೆ ಎಂಬುದು ಬೇರೆ ಪ್ರಶ್ನೆ.

ಹತ್ತರಿಂದ ಹದಿನಾಲ್ಕರ ನಡುವೆ ಹುಡುಗಿಯ ಮೈಯಲ್ಲಿ ಏನಾಗುತ್ತದೆ ಎಂಬುದನ್ನು ಟೀಚರು ಸರಿಯಾಗಿ ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ದೊಡ್ಡವರಾದ ಮೇಲಿನ ತೂಕದ ಹತ್ತಿರ ಹತ್ತಿರ ಅರ್ಧದಷ್ಟು ಸೇರುವುದು ಹದಿಹರೆಯದಲ್ಲೇ. ಸೊಂಟ, ತೊಡೆ, ಎದೆಯಲ್ಲಿ ಕೊಬ್ಬು ತುಂಬಿಕೊಳ್ಳುವುದು ರೋಗವಲ್ಲ, ಮುಟ್ಟು ಶುರುವಾಗಲು ಮೈ ಮಾಡಿಕೊಳ್ಳುವ ತಯಾರಿ. ಕೆಲವರಿಗೆ ಮೊದಲು ಅಗಲ, ಆಮೇಲೆ ಉದ್ದ. ಐದನೇ ಕ್ಲಾಸಿನಲ್ಲೇ ಮೈನೆರೆದವಳು ಗೆಳತಿಯರ ಸಾಲಿನಲ್ಲಿ ಎದ್ದು ಕಾಣುತ್ತಾಳೆ, ಒಂಬತ್ತಕ್ಕೆ ಬಂದರೂ ನೆರೆಯದವಳು ಬೇರೆ ರೀತಿಯಲ್ಲಿ ಎದ್ದು ಕಾಣುತ್ತಾಳೆ. ಇಬ್ಬರೂ ಸರಿಯಾಗಿಯೇ ಇರಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯಲ್ಲಿ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 2400 ಕಿಲೊಕ್ಯಾಲರಿ. ಕೂತು ಕೆಲಸ ಮಾಡುವ ವಯಸ್ಕ ಹೆಂಗಸಿಗೆ 1660. ಅಂದರೆ ಮಗಳ ತಟ್ಟೆ ಅಮ್ಮನ ತಟ್ಟೆಗಿಂತ, ಪಾಠ ಮಾಡುವ ಟೀಚರ ಡಬ್ಬಿಗಿಂತಲೂ ದೊಡ್ಡದಿರಬೇಕು. ‘ಅಷ್ಟೊಂದು ತಿಂತೀಯೇನೇ?’ ಎಂದು ಕೇಳುವ ಮೊದಲು ನೆನಪಿಡಬೇಕಾದ ಲೆಕ್ಕ ಇದು. ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವೇ ಇತ್ತು. ಎಷ್ಟು ಕಡೆ ಅದನ್ನು ‘ಮನೆಯಲ್ಲಿ ಓದ್ಕೊಳ್ಳಿ’ ಎಂದು ದಾಟಿಸಿದ್ದಾರೋ, ಅಷ್ಟು ಕಡೆ ಮಕ್ಕಳು ಅದನ್ನು ರೀಲ್ಸ್‌ನಲ್ಲಿ ಓದಿಕೊಂಡಿದ್ದಾರೆ.

ಬಿಎಂಐ ಬಗ್ಗೆಯೂ ಒಂದು ಮಾತು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರದ ಮೂಲ ಬೆಲ್ಜಿಯಂನ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಕ್ವೆಟಲೆಯ 1830ರ ದಶಕದ ಕೆಲಸ. ಜನಸಮೂಹದ ಸರಾಸರಿ ಹುಡುಕಲು ಹುಟ್ಟಿದ್ದು. ಮಕ್ಕಳಿಗೆ ದೊಡ್ಡವರ ಗಡಿಗಳನ್ನು ಹಚ್ಚುವಂತೆಯೇ ಇಲ್ಲ. ವಯಸ್ಸು, ಲಿಂಗ ನೋಡಿ ಬೆಳವಣಿಗೆಯ ನಕ್ಷೆಯ ಮೇಲೆ ಓದಬೇಕು. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಅಂಥ ನಕ್ಷೆ ಮಾಡಿದೆ. ಹನ್ನೆರಡರ ಹುಡುಗಿಯ ಬಿಎಂಐ 17 ಬಂದರೆ ದೊಡ್ಡವರ ಪಟ್ಟಿಯಲ್ಲಿ ಅದು ‘ಕಡಿಮೆ ತೂಕ’, ಅವಳ ವಯಸ್ಸಿಗೆ ಮಾತ್ರ ಸರಿಯಾದದ್ದೇ. ಮೊಬೈಲಿನಲ್ಲಿ ಎರಡು ಅಂಕಿ ಒತ್ತಿ ತೀರ್ಪು ಕೊಡುವ ಕೆಲಸ ಪಿ.ಟಿ. ಮೇಷ್ಟ್ರದ್ದಲ್ಲ.

ಶಾಲೆಯೇ ತೂಕದ ಮೇಲೆ ಕಣ್ಣಿಟ್ಟರೆ ಏನಾಗುತ್ತದೆ ಎಂದು ನೋಡಲು ಸಿಂಗಪುರಕ್ಕೆ ಹೋಗಬೇಕು. ಅಲ್ಲಿ 1992ರಿಂದ ‘ಟ್ರಿಮ್ ಆ್ಯಂಡ್ ಫಿಟ್’ ಎಂಬ ಸರ್ಕಾರಿ ಕಾರ್ಯಕ್ರಮ ನಡೆಯಿತು. ತೂಕ ಹೆಚ್ಚಿದ್ದ ಮಕ್ಕಳನ್ನು ಬೇರೆ ಮಾಡಿ, ಉಳಿದವರು ತಿಂಡಿ ತಿನ್ನುವ ಹೊತ್ತಿನಲ್ಲಿ ಓಡಿಸುತ್ತಿದ್ದರು. ಅಂಕಿಅಂಶದಲ್ಲಿ ಬೊಜ್ಜು ಇಳಿಯಿತು. ಆದರೆ ಕಾರ್ಯಕ್ರಮದ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಹಿಂದಿನಿಂದ ಓದಿದರೆ ‘ಫ್ಯಾಟ್’ ಎಂದಾಗುವುದನ್ನು ಮಕ್ಕಳು ಬಹುಬೇಗ ಕಂಡುಹಿಡಿದಿದ್ದರು. ಅಣಕ, ಅವಮಾನದ ದೂರು ಹೆಚ್ಚಿ 2007ರಲ್ಲಿ ಅದನ್ನು ಕೈಬಿಟ್ಟರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 79 ಶಾಲೆಗಳ 28 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. 2021ರಲ್ಲಿ ಅದರ ಫಲಿತಾಂಶ ಬಂತು. ಶಾಲೆಯಲ್ಲಿ ತೂಕ ನೋಡಿ ಮನೆಗೆ ಬಿಎಂಐ ಚೀಟಿ ಕಳಿಸಿದ್ದರಿಂದ ಮಕ್ಕಳ ತೂಕವೇನೂ ಸುಧಾರಿಸಲಿಲ್ಲ. ಶಾಲೆಯಲ್ಲಿ ತೂಕ ನೋಡಿಸಿಕೊಂಡವರಲ್ಲಿ ತಮ್ಮ ತೂಕದ ಬಗೆಗಿನ ಬೇಸರ ಮಾತ್ರ ಹೆಚ್ಚಿತ್ತು. ಮಿನೆಸೋಟದಲ್ಲಿ ಹದಿಹರೆಯದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕಿ ಡಯಾನ್ ನ್ಯೂಮಾರ್ಕ್-ಸ್ಟೈನರ್ ಅವರ ಅಧ್ಯಯನದಲ್ಲಿ ಡಯಟ್ ಹಿಡಿದ ಮಕ್ಕಳು ಐದು ವರ್ಷದ ನಂತರ ಹಿಡಿಯದವರಿಗಿಂತ ಹೆಚ್ಚು ತೂಕ ಏರಿಸಿಕೊಂಡಿದ್ದರು. ನಾಚಿಕೆಯಿಂದ ಯಾರೂ ಆರೋಗ್ಯವಂತರಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಹಾಗೆಂದು ನಮ್ಮಲ್ಲಿ ತೂಕ ನೋಡುವುದನ್ನೇ ನಿಲ್ಲಿಸಿ ಎನ್ನಲಾಗದು. ಅಪೌಷ್ಟಿಕತೆ ಇರುವ ನಾಡಿನಲ್ಲಿ ಆ ಅಂಕಿ ಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ನೋಡುವುದು ಎಷ್ಟೋ ಮಕ್ಕಳಿಗೆ ಸಿಗುವ ಒಂದೇ ಡಾಕ್ಟರ ಭೇಟಿ. ನೋಡುವ ರೀತಿ ಬದಲಾಗಬೇಕು, ಅಷ್ಟೇ. ಖಾಲಿ ಕೋಣೆ ಇಲ್ಲವೆ ಅಡ್ಡ ಕಟ್ಟಿದ ಒಂದು ಬೆಡ್‌ಶೀಟ್. ಒಂದು ಸಲಕ್ಕೆ ಒಬ್ಬಳು. ಹುಡುಗಿಯರನ್ನು ಟೀಚರಮ್ಮನೇ ನೋಡುವುದು. ನೋಡಿದವರೇ ಬರೆದುಕೊಂಡರೆ ಕೂಗುವ ಪ್ರಶ್ನೆಯೇ ಬರುವುದಿಲ್ಲ. ‘ಆಯ್ತಮ್ಮ, ಇಳಿ’ ಎನ್ನುವುದನ್ನು ಬಿಟ್ಟು ಬೇರೆ ಮಾತು ಬೇಡ, ಹುಬ್ಬೇರಿಸುವುದೂ ಬೇಡ. ಹೇಳಬೇಕಾದದ್ದು ಇದ್ದರೆ ಮನೆಯವರನ್ನು ಕರೆಸಿ ಡಾಕ್ಟರೇ ಹೇಳಲಿ. ಇದಕ್ಕೆ ಅನುದಾನ ಬೇಡ, ಸುತ್ತೋಲೆಯೂ ಬೇಡ.

ತೂಕದ ಮಾತು ಇಷ್ಟಾಯಿತು. ನಮ್ಮ ಕಡೆ ಅದಕ್ಕಿಂತ ಹಳೆಯ, ಆಳವಾದ ಗಾಯ ಬಣ್ಣದ್ದು. ಕರಿಯಮ್ಮ, ಕಾಗೆ, ‘ಬಣ್ಣ ಒಂಚೂರು ಕಡಿಮೆ, ಆದ್ರೂ ಲಕ್ಷಣವಾಗಿದಾಳೆ’. ಕೊನೆಯ ಮಾತನ್ನು ಹೊಗಳಿಕೆ ಎಂದೇ ಹೇಳುತ್ತಾರೆ. ಸ್ಕೂಲ್ ಡೇ ತಯಾರಿ ನಡೆಯುವಾಗ ಒಮ್ಮೆ ಹೋಗಿ ನಿಂತು ನೋಡಿ. ಭಾರತಮಾತೆ ಯಾರಾಗುತ್ತಾಳೆ? ಅತಿಥಿಗಳಿಗೆ ಹೂಗುಚ್ಛ ಕೊಡಲು ಯಾರನ್ನು ನಿಲ್ಲಿಸುತ್ತಾರೆ? ನೃತ್ಯದಲ್ಲಿ ಮುಂದಿನ ಸಾಲು ಯಾರಿಗೆ, ಹಿಂದಿನ ಸಾಲಿನ ಮೂಲೆ ಯಾರಿಗೆ? ಹೆಜ್ಜೆ ಚೆನ್ನಾಗಿ ಹಾಕುವವಳು ಹಿಂದೆ, ಬೆಳ್ಳಗಿರುವವಳು ಮುಂದೆ. ಮೂರನೇ ಕ್ಲಾಸಿನ ಮಗುವಿಗೂ ಈ ಲೆಕ್ಕ ಅರ್ಥವಾಗುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೇಕಪ್ಪಿನವರು ಬಂದು ಎಲ್ಲರ ಮುಖಕ್ಕೂ ಒಂದೇ ಬಿಳಿ ಪೌಡರು ಬಳಿದು, ಕುತ್ತಿಗೆಯ ಬಣ್ಣ ಹಾಗೇ ಬಿಟ್ಟು ಹೋಗುತ್ತಾರೆ. ಫೋಟೊದಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಬೆಳ್ಳಗಾಗುವ ಆಸೆ ನಮ್ಮ ಅಂಗಡಿಗಳಲ್ಲಿ ಟ್ಯೂಬಿನ ರೂಪದಲ್ಲಿ 1975ರಿಂದ ಇದೆ. ‘ಫೇರ್ ಆ್ಯಂಡ್ ಲವ್ಲಿ’ ಬಂದ ವರ್ಷ ಅದು. ಕಪ್ಪಗಿರುವವರನ್ನು ಕೀಳಾಗಿ, ದುಃಖಿತರಾಗಿ ತೋರಿಸಬಾರದು ಎಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ನಿಯಮ ತಂದಿತು. 2020ರಲ್ಲಿ ಕಂಪನಿ ‘ಫೇರ್’ ತೆಗೆದು ‘ಗ್ಲೋ’ ಹಾಕಿತು. ಆ ಕ್ರೀಮು ತಯಾರಿಸುವ ಯೂನಿಲಿವರ್ ಸಮೂಹದ್ದೇ ಆದ ‘ಡವ್’ ಬ್ರ್ಯಾಂಡ್ 2004ರಿಂದ ಹೆಣ್ಣುಮಕ್ಕಳ ಆತ್ಮಗೌರವಕ್ಕೆಂದು ಶಾಲಾ ಕಾರ್ಯಕ್ರಮ ನಡೆಸುತ್ತಿದೆ. ಯುನಿಸೆಫ್ ಜೊತೆ ಸೇರಿ ಭಾರತದ ಶಾಲಾ ಮಕ್ಕಳಿಗಾಗಿ ಹಿಂದಿಯಲ್ಲಿ ಕಾಮಿಕ್ ಪುಸ್ತಕಗಳನ್ನೂ ತಂದಿದೆ. ಆ ಸಾಮಗ್ರಿ ಕೆಟ್ಟದ್ದಲ್ಲ, ಅದರ ಹಿಂದೆ ಒಳ್ಳೆಯ ಸಂಶೋಧಕರಿದ್ದಾರೆ. ಆದರೂ ಒಂದು ಕೈಯಲ್ಲಿ ಬೆಳ್ಳಗಾಗುವ ಕ್ರೀಮು, ಇನ್ನೊಂದು ಕೈಯಲ್ಲಿ ‘ನೀನಿರುವ ಹಾಗೇ ಚೆಂದ’ ಎಂಬ ಪಾಠ ಹಿಡಿದವರನ್ನು ತರಗತಿಗೆ ಕರೆಯುವಾಗ, ಈ ವಿಷಯವನ್ನೂ ಮಕ್ಕಳ ಮುಂದೆ ಇಡುವುದು ನ್ಯಾಯ. ಒಂಬತ್ತನೇ ತರಗತಿಯವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಪಾಠ ಸಿಗಲಿಕ್ಕಿಲ್ಲ.

ವಿಜ್ಞಾನದ ಟೀಚರಿಗೂ ಇಲ್ಲಿ ಕೆಲಸವಿದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಹಲವು ‘ಬೆಳ್ಳಗಾಗುವ’ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಬಿಟ್ಟರೆ ಉರಿ ಶುರುವಾಗುತ್ತದೆ. 2018ರಲ್ಲಿ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು, ಪಾದರಸವಿದ್ದ ಕ್ರೀಮು ಹಚ್ಚಿಕೊಂಡವರ ಮೂತ್ರಪಿಂಡ ಕೆಟ್ಟಿದ್ದನ್ನು ಗುರುತಿಸಿದರು. ‘ಬಣ್ಣ ಮುಖ್ಯವಲ್ಲ ಮಕ್ಕಳೇ’ ಎಂಬ ಉಪದೇಶಕ್ಕೆ ತಲೆ ಅಲ್ಲಾಡಿಸಿ ಸುಮ್ಮನಾಗುವ ಹುಡುಗಿ ಈ ವಿವರಕ್ಕೆ ಕಿವಿಗೊಡುತ್ತಾಳೆ, ಮನೆಯಲ್ಲಿರುವ ಟ್ಯೂಬನ್ನು ತಿರುಗಿಸಿ ಓದುತ್ತಾಳೆ.

ಬಾಡಿ ಶೇಮಿಂಗ್, ಅಂದರೆ ಮೈಯ ರೂಪವನ್ನು ಹೀಯಾಳಿಸುವುದು, ಎಂದ ಕೂಡಲೇ ಬೈಗುಳ ಮಾತ್ರ ನೆನಪಾಗುತ್ತದೆ. ಹೊಗಳಿಕೆಯೂ ಅದೇ ಕೆಲಸ ಮಾಡುತ್ತದೆ. ಬೇಸಿಗೆ ರಜೆ ಮುಗಿಸಿ ಬಂದವಳಿಗೆ ‘ಅರೆ, ತೆಳ್ಳಗಾಗಿದೀಯ, ಈಗ ಚೆನ್ನಾಗಿ ಕಾಣ್ತೀಯ’ ಎಂದು ಟೀಚರು ಪ್ರೀತಿಯಿಂದಲೇ ಹೇಳಬಹುದು. ಅವಳಿಗೆ ಟೈಫಾಯ್ಡ್ ಬಂದಿರಬಹುದು, ಮನೆಯಲ್ಲಿ ಊಟಕ್ಕೆ ತಾಪತ್ರಯವಿರಬಹುದು, ಅಥವಾ ಬೇಕೆಂದೇ ಉಪವಾಸ ಬಿದ್ದಿರಬಹುದು. ಯಾವುದೇ ಆದರೂ ಟೀಚರಿಂದ ಮೆಚ್ಚುಗೆ ಸಿಕ್ಕಿತು, ಅಂದಮೇಲೆ ಮುಂದುವರಿಸಬೇಕು. ಸ್ಟಾಫ್ ರೂಮಿನ ಬಾಗಿಲಲ್ಲಿ ನೋಟ್‌ಬುಕ್ಕಿನ ರಾಶಿ ಹಿಡಿದು ನಿಂತ ಹುಡುಗಿಯ ಕಿವಿಗೆ ಬೀಳುವ ‘ನಂಗೆ ಬೇಡ ಕಣ್ರೀ ಹೋಳಿಗೆ, ಸೀರೆ ಉಡೋಕಾಗ್ತಿಲ್ಲ’ ಎಂಬುದೂ ಪಾಠವೇ. ಮೈಯ ಬಗ್ಗೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಆಡದೆ ಇರುವ ಅಭ್ಯಾಸ ನಮಗೆ ಕಷ್ಟ. ಭೇಟಿಯಾದ ಕೂಡಲೇ ‘ಸೊರಗಿದೀಯಲ್ಲೇ’ ಎನ್ನುವುದೇ ನಮ್ಮ ಕುಶಲ ವಿಚಾರಣೆ. ಮನೆಯಲ್ಲಿ ಅಜ್ಜಿ ಹಾಗೆ ಅಂದರೆ ಅದರಲ್ಲಿ ಅಕ್ಕರೆ ಇರುತ್ತದೆ, ಅವಳನ್ನು ತಿದ್ದಲು ಹೋಗುವುದು ಬೇಡ. ನಲವತ್ತು ಜನರ ಮುಂದೆ ಟೀಚರು ಅಂದಾಗ ಅದರ ತೂಕವೇ ಬೇರೆ.

ಹುಡುಗಿಯೇ ಬಂದು ಕೇಳಿದರೆ?

‘ಮಿಸ್, ನಾನು ದಪ್ಪ ಇದೀನಾ?’

‘ಇಲ್ಲಮ್ಮ, ನೀನೆಲ್ಲಿ ದಪ್ಪ!’ ಎಂಬುದು ತಟ್ಟನೆ ಬರುವ ಉತ್ತರ. ಸಮಾಧಾನಕ್ಕೆ ಹೇಳಿದ ಆ ಮಾತಿನೊಳಗೆ ದಪ್ಪಗಿದ್ದರೆ ತಪ್ಪು ಎಂಬ ತೀರ್ಪೂ ಸೇರಿರುತ್ತದೆ. ನಿಜಕ್ಕೂ ದಪ್ಪಗಿರುವವಳು ಪಕ್ಕದಲ್ಲೇ ನಿಂತಿರಬಹುದು. ‘ಯಾಕಮ್ಮ, ಯಾರಾದ್ರೂ ಏನಾದ್ರೂ ಅಂದ್ರಾ?’ ಎಂದು ಕೇಳಿದರೆ ಮಾತು ಮುಂದೆ ಹೋಗುತ್ತದೆ. ಬಹಳ ಸಲ ಅಲ್ಲೊಂದು ನಿರ್ದಿಷ್ಟ ಘಟನೆ ಇರುತ್ತದೆ. ಬಸ್ಸಿನಲ್ಲಿ ಯಾರೋ ಆಡಿದ ಮಾತು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಫೋಟೊ, ಅಕ್ಕನನ್ನು ನೋಡಲು ಬಂದವರು ಎಸೆದುಹೋದ ಟೀಕೆ.

ಆಟದ ಪೀರಿಯಡ್ಡಿನಲ್ಲಿ ‘ಹೊಟ್ಟೆನೋವು ಸರ್’ ಎಂದು ಪ್ರತಿ ವಾರ ಮರದಡಿ ಕೂರುವವರ ಪಟ್ಟಿಯನ್ನು ಪಿ.ಟಿ. ಮೇಷ್ಟ್ರು ಒಮ್ಮೆ ಗಮನಿಸಬೇಕು. ಏಳನೇ ಕ್ಲಾಸಿನಲ್ಲಿ ಖೊ-ಖೊ ಆಡುತ್ತಿದ್ದವಳು ಒಂಬತ್ತಕ್ಕೆ ಬರುವಷ್ಟರಲ್ಲಿ ಬದಿಗೆ ಸರಿದಿದ್ದರೆ ಕಾರಣ ಸೋಮಾರಿತನ ಆಗಿರಲಿಕ್ಕಿಲ್ಲ. ಓಡಿದರೆ ಎದೆ ಕುಣಿಯುತ್ತದೆ, ಕಾಂಪೌಂಡಿನ ಮೇಲೆ ಹುಡುಗರು ಕೂತಿದ್ದಾರೆ, ಸರಿಯಾದ ಒಳಉಡುಪಿಲ್ಲ, ಪ್ಯಾಡ್ ಬದಲಿಸಲು ಶೌಚಾಲಯದಲ್ಲಿ ನೀರಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಬಿಚ್ಚದವಳನ್ನು ‘ಚಳಿಯೇನೇ?’ ಎಂದು ರೇಗಿಸುವ ಬದಲು ಅದು ಏನನ್ನು ಮುಚ್ಚುತ್ತಿದೆ ಎಂದು ಯೋಚಿಸಬೇಕು. ಹುಡುಗಿಯರಿಗೆ ವಾರಕ್ಕೊಂದು ದಿನ ಮೈದಾನವನ್ನು ಪೂರ್ತಿ ಬಿಟ್ಟುಕೊಡುವುದು, ದುಪಟ್ಟಾ ಇಲ್ಲದೆ ಟೀ ಶರ್ಟಿನಲ್ಲಿ ಆಡಲು ಅವಕಾಶ ಕೊಡುವುದು, ಗೆಲ್ಲುವ ತಂಡದಲ್ಲಿ ಇಲ್ಲದವರಿಗೂ ಆಟ ಸಿಗುವಂತೆ ನೋಡಿಕೊಳ್ಳುವುದು ಮುಖ್ಯೋಪಾಧ್ಯಾಯರ ಕೈಯಲ್ಲೇ ಇರುವ ತೀರ್ಮಾನಗಳು. ಮೈ ಹೇಗೆ ಕಾಣುತ್ತದೆ ಎಂಬ ಚಿಂತೆ ಸ್ವಲ್ಪ ಹೊತ್ತಾದರೂ ಮರೆತು, ಮೈಯಿಂದ ಏನು ಮಾಡಬಹುದು ಎಂದು ಗೊತ್ತಾಗುವ ಜಾಗ ಮೈದಾನ. ಅದನ್ನೇ ಕಳೆದುಕೊಂಡರೆ ಉಳಿಯುವುದು ಕನ್ನಡಿ.

ತೊನ್ನು, ಸುಟ್ಟ ಕಲೆ, ಮೇಲ್ದುಟಿಯ ಕೂದಲು, ಮೆಳ್ಳೆಗಣ್ಣು, ಕುಂಟುವ ಕಾಲು ಇರುವ ಮಕ್ಕಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅಲ್ಲಿ ಮೌನ ಸಾಕಾಗುವುದಿಲ್ಲ. ತೊನ್ನು ಅಂಟುವ ರೋಗವಲ್ಲ ಎಂದು ಟೀಚರು ತರಗತಿಗೆ ಸ್ಪಷ್ಟವಾಗಿ ಹೇಳಬೇಕು. ಆದರೆ ಆ ಮಗುವನ್ನು ಎದ್ದು ನಿಲ್ಲಿಸಿ ಅಲ್ಲ, ಚರ್ಮದ ಪಾಠ ಮಾಡುವಾಗ.

ತರಗತಿಯಲ್ಲಿ ಏನಾದರೂ ಮಾಡಲೇಬೇಕೆಂದಿದ್ದರೆ, ಒಂದು ದಿನದ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡು ಮುಗಿಸುವುದರಲ್ಲಿ ಅರ್ಥವಿಲ್ಲ. ಹಲವು ವಾರ ನಡೆಯುವ, ಮಕ್ಕಳೇ ಮಾತಾಡುವ ಚಟುವಟಿಕೆಗಳು ವಾಸಿ. ‘ಈ ಚಿತ್ರ ತಿದ್ದಿದ್ದು’ ಎಂದು ಜಾಹೀರಾತಿನ ಫೋಟೊಗಳ ಮೇಲೆ ಚೀಟಿ ಹಚ್ಚುವ ಉಪಾಯವನ್ನು ನಾರ್ವೆ 2022ರಲ್ಲಿ ಕಾನೂನಾಗಿಯೇ ಜಾರಿಗೆ ತಂದಿತು. ಅಂಥ ಚೀಟಿಯಿಂದ ನೋಡುವವರ ಬೇಸರ ಕಡಿಮೆಯಾಗುವುದಿಲ್ಲ ಎಂದೇ ಹೆಚ್ಚಿನ ಪ್ರಯೋಗಗಳು ತೋರಿಸಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಸ್ಟೈಸ್ ಮತ್ತು ಜೊತೆಗಾರರು ರೂಪಿಸಿದ ಒಂದು ವಿಧಾನ ಹೆಚ್ಚು ಫಲ ಕೊಟ್ಟಿದೆ. ಅದರಲ್ಲಿ ದೊಡ್ಡವರು ಉಪದೇಶ ಮಾಡುವುದಿಲ್ಲ. ‘ತೆಳ್ಳಗಿದ್ದರೇ ಚೆಂದ’ ಎಂಬುದರ ವಿರುದ್ಧ ಹುಡುಗಿಯರೇ ವಾದ ಕಟ್ಟುತ್ತಾರೆ, ತಮಗಿಂತ ಚಿಕ್ಕವಳಿಗೆ ಪತ್ರ ಬರೆಯುತ್ತಾರೆ, ಅಭಿನಯಿಸಿ ತೋರಿಸುತ್ತಾರೆ. ತಾನೇ ಆಡಿದ ಮಾತಿಗೆ ಮನಸ್ಸು ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ತರ್ಕ. ಇದಕ್ಕೆ ವಿದೇಶಿ ಕೈಪಿಡಿ ಬೇಕಿಲ್ಲ. ಕನ್ನಡ ಪಠ್ಯದಲ್ಲಿ ಪತ್ರಲೇಖನ ಹೇಗೂ ಇದೆ. ‘ಪ್ರವಾಸಕ್ಕೆ ಹಣ ಕಳಿಸುವಂತೆ ತಂದೆಗೆ ಪತ್ರ’ವನ್ನೇ ವರ್ಷವರ್ಷವೂ ಬರೆಸುವ ಬದಲು, ‘ಬಣ್ಣದ ಕಾರಣಕ್ಕೆ ನಾಟಕದಿಂದ ಹಿಂದೆ ಸರಿದ ತಂಗಿಗೆ ಪತ್ರ’ ಬರೆಸಬಹುದು. ಹುಡುಗರೂ ಬರೆಯಲಿ. ಅಡ್ಡಹೆಸರು ಇಡುವವರಲ್ಲಿ ಅವರೇ ಹೆಚ್ಚು, ಮೀಸೆ ಬರಲಿಲ್ಲ, ಕುಳ್ಳ ಎಂದು ಒಳಗೊಳಗೇ ನವೆಯುವವರೂ ಅವರಲ್ಲಿದ್ದಾರೆ.

ಟೀಚರ ಕೈ ಮೀರಿದ ಸಂಗತಿಗಳೂ ಇವೆ. ದಿನವೂ ಊಟ ಬಿಡುವುದು, ಉಂಡ ಕೂಡಲೇ ಶೌಚಾಲಯಕ್ಕೆ ಹೋಗುವುದು, ಬಂದಿದ್ದ ಮುಟ್ಟು ತಿಂಗಳುಗಟ್ಟಲೆ ನಿಲ್ಲುವುದು, ಬೇಗಬೇಗ ತೂಕ ಇಳಿಯುವುದು, ಕೈ ಕೊಯ್ದುಕೊಂಡ ಗುರುತು ಕಂಡರೆ ಬುದ್ಧಿ ಹೇಳುತ್ತಾ ಕೂರುವ ಸಮಯವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ’ ಕ್ಲಿನಿಕ್‌ಗಳಿವೆ. 2022ರಲ್ಲಿ ಆರಂಭವಾದ, ಮನಸ್ಸಿನ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಅದರ ಕೇಂದ್ರ ಹೊಣೆ ನಮ್ಮ ನಿಮ್ಹಾನ್ಸ್‌ನದು. ಈ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಹಾಕುವುದಕ್ಕಿಂತ ಹುಡುಗಿಯರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿದರೆ ಬರೆದುಕೊಳ್ಳುವವರು ಹೆಚ್ಚು.

ಇಷ್ಟೆಲ್ಲ ಹೊರೆ ಟೀಚರ ಮೇಲೇಕೆ ಎಂದು ಕೇಳಬಹುದು. ಜನಗಣತಿ, ಚುನಾವಣೆ, ಮೊಟ್ಟೆ ಲೆಕ್ಕ ಎಲ್ಲ ಅವರದೇ. ಮೊನ್ನೆ ಮೊನ್ನೆ ಡಿಗ್ರಿ ಮುಗಿಸಿ ಬಂದ ಅತಿಥಿ ಶಿಕ್ಷಕಿಗೆ ಭಾನುವಾರ ಮನೆಗೆ ಬಂದ ಗಂಡಿನ ಕಡೆಯವರು ‘ಹುಡುಗಿ ಬಣ್ಣ ಕಮ್ಮಿ’ ಎಂದು ಹೇಳಿ ಹೋಗಿರುತ್ತಾರೆ. ಸೋಮವಾರ ಅವಳೇ ತರಗತಿಗೆ ಬಂದು ಧೈರ್ಯ ತುಂಬಬೇಕು. ಹಾಗಾಗಿ ಹೊಸ ಹೊರೆ ಹೊರಿಸುವುದಕ್ಕಿಂತ ಇರುವುದನ್ನೇ ಬಳಸಿಕೊಳ್ಳುವುದು ಮೇಲು. ಆಯುಷ್ಮಾನ್ ಭಾರತದಡಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು, ಸಾಧ್ಯವಾದರೆ ಒಬ್ಬ ಗಂಡು ಒಬ್ಬ ಹೆಣ್ಣು, ಆರೋಗ್ಯ ರಾಯಭಾರಿಗಳಾಗಿ ತರಬೇತು ಮಾಡಬೇಕು, ವಾರಕ್ಕೊಂದು ಗಂಟೆ ಕೊಡಬೇಕು ಎಂದಿದೆ. ಹನ್ನೊಂದು ವಿಷಯಗಳಲ್ಲಿ ಬೆಳವಣಿಗೆ, ಆಹಾರ, ಮನಸ್ಸಿನ ಆರೋಗ್ಯ ಮೂರೂ ಇವೆ. ಆ ಇಬ್ಬರು ಯಾರು, ಆ ಗಂಟೆ ವೇಳಾಪಟ್ಟಿಯಲ್ಲಿ ಎಲ್ಲಿದೆ ಎಂದು ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಯಾವ ತಾಯಿ ಬೇಕಾದರೂ ಕೇಳಬಹುದು.